ಚಿಗರಿ ಯಾರದು?



ಈ ಸಲ ನಾನು ಪಾಠ ಹೇಳುವುದಕ್ಕೆ ಬರೆಯುತ್ತಿಲ್ಲ. ತರಗತಿಯಲ್ಲಿ ನಾನೇ ಮಾಡಿದ ಒಂದು ತಪ್ಪನ್ನು ತಿದ್ದಿಕೊಳ್ಳುವುದಕ್ಕೆ ಬರೆಯುತ್ತಿದ್ದೇನೆ.

ಹೋದ ಚಳಿಗಾಲದಲ್ಲಿ ಒಂಬತ್ತನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಎರ್ರಗುಡಿಯ ಅಶೋಕನ ಶಾಸನ ನೋಡಲು ಹೋಗಿದ್ದೆವು. ಆದೋನಿ ಕಡೆಯಿಂದ ಬೆಳಗ್ಗೆ ಹೊರಟು, ಪತ್ತಿಕೊಂಡದಲ್ಲಿ ತಿಂಡಿ ತಿಂದು, ಗುತ್ತಿ ರಸ್ತೆ ಹಿಡಿದೆವು. ಶಾಸನ ನೋಡಿಕೊಂಡು ಸಂಜೆ ವಾಪಸ್ ಬರುವಾಗ, ಪತ್ತಿಕೊಂಡ ಇನ್ನೂ ಸ್ವಲ್ಪ ದೂರ ಇರುವಾಗಲೇ, ಡ್ರೈವರ್ ಬಸ್ಸು ನಿಧಾನ ಮಾಡಿದರು. ಬಲಗಡೆ ಬೀಳು ಹೊಲದಲ್ಲಿ ಚಿಗರಿಗಳ ಹಿಂಡು! ಇಪ್ಪತ್ತೈದಕ್ಕೂ ಹೆಚ್ಚು. ಮಧ್ಯದಲ್ಲಿ ಒಂದು ಕಪ್ಪು ಗಂಡು, ಸುರುಳಿ ಕೊಂಬು, ಬಿಳಿ ಹೊಟ್ಟೆ. ಮಕ್ಕಳೆಲ್ಲ ಕಿಟಕಿಗೆ ಅಂಟಿಕೊಂಡರು.

ನಮಗಿಂತ ಮೊದಲೇ ಅಲ್ಲಿ ಎರಡು ಕಾರು ನಿಂತಿದ್ದವು. ಊರು ನೋಡಲು ಬಂದ ಪಟ್ಟಣದವರು. ಫೋನು ಹಿಡಿದು ಹೊಲಕ್ಕೆ ಇಳಿದಿದ್ದರು. ಚಿಗರಿ ಜಿಗಿಯುವುದನ್ನು ವಿಡಿಯೋ ಮಾಡಬೇಕು ಅಂತ ಒಬ್ಬರು ಚಪ್ಪಾಳೆ ತಟ್ಟಿದರು, ಇನ್ನೊಬ್ಬರು ಸಿಳ್ಳೆ ಹಾಕುತ್ತ ಓಡಿದರು. ಹಿಂಡು ಬೆದರಿ, ಪಕ್ಕದ ಕಡಲೆ ಹೊಲದ ನಡುವೆ ನುಗ್ಗಿ ಹೋಯಿತು. "ವಾವ್" ಅಂದರು, ಕಾರು ಹತ್ತಿದರು, ಹೋದರು.

ಬದುವಿನ ಮೇಲೆ ಒಬ್ಬ ತಾತ ಕೂತಿದ್ದ. ಅರ್ಧ ತೆಲುಗು, ಅರ್ಧ ಕನ್ನಡ. ನಾನು ಇಳಿದು ಮಾತಾಡಿಸಿದೆ.

"ಓಡಿಸಿ ನೋಡಿದ್ರೆ ಏನ್ ಕಾಣ್ತೈತಿ ಸಾರ್? ಬರೇ ಬೆನ್ನು ಕಾಣ್ತೈತಿ. ಕುಂತು ನೋಡಿದ್ರೆ ಮುಖ ಕಾಣ್ತೈತಿ" ಅಂದ. ಆಮೇಲೆ ಕೈ ತೋರಿಸಿ, "ಆ ಹುಲ್ಲಾಗ ಮರಿ ಐತಿ. ತಾಯಿ ದೂರ ಹೋಗಿ ಈ ಕಡೇನೇ ನೋಡಿಕೊಂಡು ನಿಂತೈತಿ ನೋಡು" ಅಂದ. ನಾನು ಎಷ್ಟು ಕಣ್ಣು ಕಿರಿದು ಮಾಡಿದರೂ ಮರಿ ಕಾಣಲಿಲ್ಲ. ನಿಜವಾಗಿಯೂ ದೂರದಲ್ಲಿ ಒಂದು ಹೆಣ್ಣು ಚಿಗರಿ ಮಾತ್ರ ಹಿಂಡು ಬಿಟ್ಟು ತಿರುಗಿ ನಿಂತಿತ್ತು.

"ಇಷ್ಟೆಲ್ಲ ಹೆಂಗ ಗೊತ್ತು ತಾತ?" ಅಂದೆ. ನಕ್ಕು ಹೇಳಿದ: "ವಯಸ್ಸಿನಾಗ ಬಲೆ ಹಾಕ್ತಿದ್ದೆ ಸಾರ್."

ಮಾರನೇ ದಿನ ತರಗತಿಯಲ್ಲಿ ವನ್ಯಜೀವಿ ಸಂರಕ್ಷಣೆಯ ಪಾಠ. ಬೋರ್ಡಿನ ಮೇಲೆ ಎರಡು ಸಾಲು ಬರೆದೆ: "ಬೇಟೆಗಾರ – ವನ್ಯಜೀವಿಗಳ ವೈರಿ. ಪ್ರಕೃತಿ ಪ್ರವಾಸಿ – ವನ್ಯಜೀವಿಗಳ ಮಿತ್ರ." ಎಲ್ಲರೂ ಬರೆದುಕೊಂಡರು. ಪಾಠ ಮುಗಿದ ಮೇಲೆ ಒಬ್ಬ ಹುಡುಗ ಬಾಗಿಲ ಹತ್ತಿರ ಬಂದು ನಿಂತು ಮೆಲ್ಲಗೆ ಕೇಳಿದ:

"ಸಾರ್, ನಮ್ಮ ತಾತನೂ ಮೊದಲು ಬೇಟೆಗೆ ಹೋಗ್ತಿದ್ದ. ಅವನು ಕೆಟ್ಟವನಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹಿಂದಿನ ದಿನ ನಾನು ಕಣ್ಣಾರೆ ಕಂಡದ್ದೇ ಬೇರೆ, ಬೋರ್ಡಿನ ಮೇಲೆ ಬರೆದದ್ದೇ ಬೇರೆ. ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವೇ ಈ ಲೇಖನ.

ಬೇಟೆಗಾರನ ಕಣ್ಣು

ಮೊದಲು ವಿಜ್ಞಾನದಿಂದಲೇ ಶುರು ಮಾಡೋಣ. ತಾತ ಹೇಳಿದ ಮರಿಯ ಮಾತು ಪೂರಾ ಸರಿ. ಚಿಗರಿ ಅಂದರೆ ಕೃಷ್ಣಮೃಗ. ಹೆಣ್ಣು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ. ಹುಟ್ಟಿದ ಮೊದಲ ದಿನಗಳಲ್ಲಿ ಮರಿ ತಾಯಿಯ ಹಿಂದೆ ಓಡುವುದಿಲ್ಲ. ಹುಲ್ಲಿನೊಳಗೆ ಅಲುಗಾಡದೆ ಮಲಗಿರುತ್ತದೆ. ತಾಯಿ ಬೇಕೆಂದೇ ದೂರ ಇರುತ್ತದೆ, ಹಾಲು ಕೊಡುವ ಹೊತ್ತಿಗೆ ಮಾತ್ರ ಬರುತ್ತದೆ. ತಾಯಿ ಮರಿಯ ಹತ್ತಿರವೇ ನಿಂತಿದ್ದರೆ ತೋಳಕ್ಕೂ ನಾಯಿಗೂ ಅಲ್ಲಿ ಮರಿ ಇದೆ ಅಂತ ಗೊತ್ತಾಗಿಬಿಡುತ್ತದಲ್ಲ! ಇದು ತಿಳಿಯದ ಜನ "ಅಯ್ಯೋ, ತಾಯಿಯಿಲ್ಲದ ಮರಿ" ಅಂತ ಕನಿಕರದಿಂದ ಎತ್ತಿಕೊಂಡು ಬರುತ್ತಾರೆ. ಆಗಲೇ ಅದು ನಿಜವಾಗಿ ತಾಯಿಯಿಲ್ಲದ ಮರಿ ಆಗುವುದು.

ಹಳೆಯ ಬೇಟೆಗಾರರಿಗೆ ಇಂಥ ವಿಷಯ ನೂರಾರು ಗೊತ್ತು. ಚಿಗರಿಗೆ ಮೂಗಿಗಿಂತ ಕಣ್ಣು ಚುರುಕು ಅನ್ನುವುದು ಅವರಿಗೆ ಗೊತ್ತು. ಅದಕ್ಕೇ ಎತ್ತಿನ ಮರೆಯಲ್ಲಿ ನಡೆದು ಹಿಂಡಿನ ಹತ್ತಿರ ಹೋಗುತ್ತಿದ್ದರು. ದಿನಾ ನೋಡುವ ಎತ್ತಿಗೆ ಚಿಗರಿ ಹೆದರುವುದಿಲ್ಲ, ಎದ್ದು ನಿಂತ ಮನುಷ್ಯನಿಗೆ ಹೆದರುತ್ತದೆ. ಗಂಡು ಚಿಗರಿ ತನ್ನ ಜಾಗದ ಗುರುತಿಗೆ ಒಂದೇ ಕಡೆ ಮತ್ತೆ ಮತ್ತೆ ಹಿಕ್ಕೆ ಹಾಕುತ್ತದೆ ಅನ್ನುವುದೂ ಅವರಿಗೆ ಗೊತ್ತು. ಹಿಕ್ಕೆಯ ಗುಡ್ಡೆ ಹಸಿಯೋ ಒಣಗಿದೆಯೋ ನೋಡಿ ಗಂಡು ಇತ್ತೀಚೆಗೆ ಬಂದಿತ್ತೋ ಇಲ್ಲವೋ ಹೇಳುತ್ತಾರೆ. ಟಿಟ್ಟಿಭ ಯಾಕೆ ಕೂಗಿತು, ಗೌಜಗ ಯಾವ ಬೇಲಿಯಲ್ಲಿ ರಾತ್ರಿ ಕೂರುತ್ತದೆ, ಮೊಲ ಯಾವ ದಾರಿ ಬಿಟ್ಟು ನಡೆಯುವುದಿಲ್ಲ – ಇದೆಲ್ಲ ಓದಿ ಬಂದ ವಿದ್ಯೆಯಲ್ಲ, ಹೊಟ್ಟೆಯ ಹಸಿವು ಕಲಿಸಿದ ವಿದ್ಯೆ.

ಹಾಗಂತ ಹಳೆಯ ಬೇಟೆಯನ್ನು ಹೊಗಳಿ ಮೆರೆಸುವುದು ಬೇಡ. ಉರುಲಿಗೆ ಸಿಕ್ಕ ಪ್ರಾಣಿಯ ನೋವು ನೋವೇ. ಇವತ್ತು ಬೇಟೆಯ ರೀತಿಯೂ ಬದಲಾಗಿದೆ. ಬೈಕು ಬಂದಿದೆ, ಕಣ್ಣು ಕುಕ್ಕುವ ಟಾರ್ಚು ಬಂದಿದೆ, ಕರೆಂಟು ತಂತಿ ಬಂದಿದೆ. ಹಸಿವಿಗಾಗಿ ಒಂದು ಮೊಲ ಹಿಡಿಯುವುದು ಬೇರೆ, ಮಾರಾಟಕ್ಕೆ ಚೀಲ ತುಂಬಿಸುವುದು ಬೇರೆ, ಹಬ್ಬದ ಹುಮ್ಮಸ್ಸಿಗೆ ಗುಂಪು ಕಟ್ಟಿಕೊಂಡು ಹೋಗಿ ಹೊಡೆಯುವುದು ಇನ್ನೂ ಬೇರೆ. ಈ ಮೂರನ್ನೂ ಒಂದೇ ಹೆಸರಿನಿಂದ ಕರೆಯುತ್ತೇವೆ. ಕಾನೂನು ಮೂರಕ್ಕೂ ಒಂದೇ, ಅದು ಸರಿ. ಆದರೆ ಮನುಷ್ಯರನ್ನು ಅರ್ಥ ಮಾಡಿಕೊಳ್ಳುವಾಗ ಈ ಮೂರರ ವ್ಯತ್ಯಾಸ ನಮಗೆ ಗೊತ್ತಿರಬೇಕು.

ಪ್ರವಾಸಿಯ ಕಣ್ಣು

ಪ್ರವಾಸಿಗೆ ಪ್ರಾಣಿಯ ಮೇಲೆ ಪ್ರೀತಿ ಇದೆ. ಅದು ಸುಳ್ಳಲ್ಲ. ಅವನು ಪ್ರಾಣಿಯನ್ನು ತಿನ್ನುವುದಿಲ್ಲ, ಮಾರುವುದಿಲ್ಲ. ಪಟ್ಟಣದಲ್ಲಿ ಕೂತು ಹುಲ್ಲುಗಾವಲು ಉಳಿಯಲಿ ಅಂತ ಪತ್ರಿಕೆಗೆ ಬರೆಯುವವರಲ್ಲಿ ಹೆಚ್ಚಿನವರು ಒಂದು ಕಾಲದಲ್ಲಿ ಹೀಗೆ ನೋಡಲು ಬಂದವರೇ. ಹಕ್ಕಿಗಳನ್ನು ಎಣಿಸಿ, ದಿನಾಂಕ ಬರೆದು, ಫೋಟೋ ಸಮೇತ ದಾಖಲೆ ಇಡುವ ಹವ್ಯಾಸಿಗಳಿಂದ ವಿಜ್ಞಾನಕ್ಕೆ ತುಂಬ ಉಪಕಾರ ಆಗಿದೆ.

ಆದರೆ ಪ್ರವಾಸಿಗೆ ಕಾಣದ್ದೂ ಬಹಳ ಇದೆ. ಅವನು ಬರುವುದು ಒಂದು ದಿನಕ್ಕೆ. ಅವನ ಕಣ್ಣಿಗೆ ಚಿಗರಿ ಕಾಣುತ್ತದೆ, ಚಿಗರಿ ನಿಂತ ಹೊಲ ಯಾರದು ಅನ್ನುವುದು ಕಾಣುವುದಿಲ್ಲ. ಮುಂಗಾರು ಮಳೆ ಬಿದ್ದ ಮೇಲೆ ತುಗ್ಗಲಿ, ಜೊನ್ನಗಿರಿ ಹೊಲಗಳಿಗೆ ವಜ್ರ ಹುಡುಕಲು ಜನ ಎಲ್ಲೆಲ್ಲಿಂದಲೋ ಬರುವುದನ್ನು ನೀವು ಕೇಳಿದ್ದೀರಿ. ತಲೆ ಬಗ್ಗಿಸಿ ನೆಲವನ್ನೇ ನೋಡುತ್ತ ನಡೆಯುತ್ತಾರೆ. ಕಾಲಡಿ ಬಿತ್ತಿದ ಬೀಜ ಇದೆ ಅನ್ನುವುದು ಹೊಲದ ರೈತ ಬಂದು ಕೂಗಿದಾಗಲೇ ಗೊತ್ತಾಗುವುದು. ಕೆಲವು ಪ್ರವಾಸಿಗಳ ವನ್ಯಜೀವಿ ಪ್ರೀತಿಯೂ ಹೀಗೇ.

ಗೂಡಿನ ಹತ್ತಿರ ಹೋಗಿ ಫೋಟೋ ತೆಗೆದರೆ ಹಕ್ಕಿ ಎದ್ದು ಹೋಗುತ್ತದೆ. ಬಿಸಿಲಿಗೆ ಬಿಟ್ಟ ಮೊಟ್ಟೆ ಕೆಡುತ್ತದೆ, ಇಲ್ಲವೇ ಕಾಗೆಯ ಪಾಲಾಗುತ್ತದೆ. ಹಿಂಡನ್ನು ಓಡಿಸಿದರೆ ಹುಲ್ಲಿನಲ್ಲಿ ಮಲಗಿದ ಮರಿ ತಾಯಿಯಿಂದ ದೂರವಾಗುತ್ತದೆ. ಅಪರೂಪದ ಪ್ರಾಣಿಯ ಜಾಗವನ್ನು ಫೋನಿನಲ್ಲಿ ಎಲ್ಲರಿಗೂ ಹಂಚಿದರೆ, ಆ ಸುದ್ದಿ ಕಳ್ಳಬೇಟೆಯವರಿಗೂ ಮುಟ್ಟುತ್ತದೆ. ರಕ್ತ ಬೀಳದೆಯೂ ಪ್ರಾಣಿ ಸಾಯುತ್ತದೆ ಮಕ್ಕಳೇ, ಆದರೆ ಅದನ್ನು ಯಾರೂ ಬೇಟೆ ಅನ್ನುವುದಿಲ್ಲ.

ಇನ್ನೊಂದು ಮಾತು. ದೂರದಿಂದ ಬಂದವರೆಲ್ಲ ಬರೀ ನೋಡಲು ಬಂದವರಲ್ಲ. 19ನೇ ಶತಮಾನದಲ್ಲಿ ದಖ್ಖನ್ನಿನಲ್ಲಿದ್ದ ಕರ್ನಲ್ ಸೈಕ್ಸ್ ಎಂಬ ಬ್ರಿಟಿಷ್ ಅಧಿಕಾರಿ, ಒಬ್ಬ ದೊರೆ ಸಾವಿರದಷ್ಟು ಎರೆಭೂತ ಹಕ್ಕಿಗಳನ್ನು ಹೊಡೆದಿದ್ದನೆಂದು ಬರೆದಿಟ್ಟಿದ್ದಾನೆ. ಒಬ್ಬನೇ, ಸಾವಿರ! ಅವನಿಗೆ ಹಸಿವಿರಲಿಲ್ಲ, ಹವ್ಯಾಸವಿತ್ತು. ಚಿಗರಿಯನ್ನು ಓಡಿ ಹಿಡಿಯುತ್ತಿದ್ದ ಚೀತಾ ನಮ್ಮ ದೇಶದಿಂದ ನಾಮಾವಶೇಷವಾಯಿತೆಂದು ಸರ್ಕಾರ ಘೋಷಿಸಿದ್ದು 1952ರಲ್ಲಿ. ಅದರ ಹಿಂದೆಯೂ ರಾಜರ, ಸಾಹೇಬರ ಮೋಜಿನ ಬೇಟೆಯ ದೊಡ್ಡ ಪಾಲಿದೆ. 1998ರಲ್ಲಿ ರಾಜಸ್ಥಾನದ ಜೋಧಪುರದ ಹತ್ತಿರ ಕೃಷ್ಣಮೃಗ ಬೇಟೆಯ ಕೇಸು ಬಿದ್ದದ್ದು ಸಿನಿಮಾ ಚಿತ್ರೀಕರಣಕ್ಕೆ ಹೊರಗಿನಿಂದ ಬಂದವರ ಮೇಲೆ. ಬೆನ್ನು ಬಿದ್ದು ದೂರು ಕೊಟ್ಟು ಸಾಕ್ಷಿ ಹೇಳಿದವರು ಅಲ್ಲಿಯ ಹಳ್ಳಿಯ ಬಿಷ್ಣೋಯಿ ಜನ.

ಈಗ ಹೇಳಿ, ಬೋರ್ಡಿನ ಮೇಲೆ ನಾನು ಬರೆದ ಎರಡು ಸಾಲು ನಿಂತಾವಾ?

ಬಂಡೆ ಹೇಳುವ ಮಾತು

ಅದೇ ಪ್ರವಾಸದಲ್ಲಿ ನಾವು ನೋಡಿದ ಎರ್ರಗುಡಿಯ ಬಂಡೆಗಳ ಮೇಲೂ ಬೇಟೆ ಮತ್ತು ಪ್ರವಾಸದ ಮಾತಿದೆ. ಆ ದಿನ ನಾನು ಬ್ರಾಹ್ಮಿ ಲಿಪಿಯನ್ನು ತೋರಿಸಿದೆ, ಕೆಲವು ಸಾಲು ಎಡದಿಂದ ಬಲಕ್ಕೂ ಕೆಲವು ಬಲದಿಂದ ಎಡಕ್ಕೂ ಕೆತ್ತಿರುವುದನ್ನು ತೋರಿಸಿದೆ. ಒಳಗಿನ ಮಾತನ್ನು ಹೇಳಲು ಮರೆತೆ. ಈಗ ಹೇಳುತ್ತೇನೆ.

ಅಶೋಕನ 14 ದೊಡ್ಡ ಬಂಡೆಶಾಸನಗಳೂ ಎರ್ರಗುಡಿಯಲ್ಲಿವೆ. ಮೊದಲನೆಯದರಲ್ಲಿ ಅರಸ ತನ್ನ ಅಡುಗೆಮನೆಯ ಲೆಕ್ಕವನ್ನೇ ಒಪ್ಪಿಸುತ್ತಾನೆ. ಮೊದಲು ದಿನಕ್ಕೆ ಲಕ್ಷಗಟ್ಟಲೆ ಪ್ರಾಣಿಗಳನ್ನು ಸಾರಿಗಾಗಿ ಕೊಲ್ಲುತ್ತಿದ್ದರು, ಈಗ ಮೂರೇ: ಎರಡು ನವಿಲು, ಒಂದು ಜಿಂಕೆ. ಜಿಂಕೆಯೂ ದಿನಾ ಅಲ್ಲ. ಮುಂದೆ ಈ ಮೂರನ್ನೂ ಕೊಲ್ಲುವುದಿಲ್ಲ ಅನ್ನುತ್ತಾನೆ. ನೋಡಿ, ಬೇರೆಯವರಿಗೆ ಬುದ್ಧಿ ಹೇಳುವ ಮೊದಲು ಅವನು ತನ್ನ ತಟ್ಟೆಯನ್ನು ನೋಡಿಕೊಂಡ.

ಎಂಟನೆಯ ಶಾಸನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಹಿಂದಿನ ಅರಸರು ವಿಹಾರಯಾತ್ರೆ ಹೋಗುತ್ತಿದ್ದರು, ಅದರಲ್ಲಿ ಬೇಟೆ ಮತ್ತು ಬೇರೆ ಮೋಜು ಇರುತ್ತಿದ್ದವು ಅಂತ ಅದು ಹೇಳುತ್ತದೆ. ಅಂದರೆ ಆ ಕಾಲದಲ್ಲಿ ಪ್ರವಾಸಿಯೂ ಬೇಟೆಗಾರನೂ ಒಬ್ಬನೇ! ಪಟ್ಟಕ್ಕೆ ಬಂದು ಹತ್ತು ವರ್ಷವಾದ ಮೇಲೆ ಅಶೋಕ ಅದನ್ನು ಬಿಟ್ಟು ಧರ್ಮಯಾತ್ರೆ ಶುರು ಮಾಡಿದ. ಆ ಯಾತ್ರೆಯಲ್ಲಿ ಏನು ಮಾಡುತ್ತಿದ್ದ? ಶ್ರಮಣರನ್ನೂ ಬ್ರಾಹ್ಮಣರನ್ನೂ ಕಾಣುವುದು, ವಯಸ್ಸಾದವರನ್ನು ಕಂಡು ನೆರವು ಕೊಡುವುದು, ಹಳ್ಳಿನಾಡಿನ ಜನರನ್ನು ಭೇಟಿಯಾಗಿ ಅವರೊಂದಿಗೆ ಧರ್ಮದ ಮಾತಾಡುವುದು. ಅವನು ಪ್ರವಾಸ ನಿಲ್ಲಿಸಲಿಲ್ಲ, ಪ್ರವಾಸದ ರೀತಿಯನ್ನು ಬದಲಿಸಿದ. ಇವತ್ತಿನ ಪ್ರವಾಸಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಾ? ಬದುವಿನ ಮೇಲೆ ಕೂತ ತಾತನನ್ನು ಆ ಎರಡು ಕಾರಿನವರು ಮಾತಾಡಿಸಿದ್ದರೆ ಮರಿಯ ವಿಷಯ ತಿಳಿಯುತ್ತಿತ್ತು.

ಆದರೆ ಅಶೋಕನೂ ಪೂರ್ತಿ ಬದಲಾಗಿರಲಿಲ್ಲ. ಹದಿಮೂರನೆಯ ಶಾಸನದಲ್ಲಿ ಕಳಿಂಗ ಯುದ್ಧದ ಪಶ್ಚಾತ್ತಾಪವನ್ನು ಹೇಳುತ್ತಲೇ, ತನ್ನ ರಾಜ್ಯದ ಕಾಡಿನ ಜನರಿಗೆ ಒಂದು ಎಚ್ಚರಿಕೆಯನ್ನೂ ಕೊಡುತ್ತಾನೆ: ನನಗೆ ಪಶ್ಚಾತ್ತಾಪ ಇದ್ದರೂ ಶಿಕ್ಷಿಸುವ ಶಕ್ತಿಯೂ ಇದೆ, ತಿದ್ದಿಕೊಳ್ಳಿ, ಇಲ್ಲದಿದ್ದರೆ ಸಾಯುತ್ತೀರಿ. ಪ್ರಾಣಿಗಳಿಗೆ ದಯೆ ತೋರಿಸಿದ ಅರಸನಿಗೂ ಕಾಡಿನ ಜನರ ಮೇಲೆ ಅನುಮಾನ ಹೋಗಲಿಲ್ಲ. 2,200 ವರ್ಷಕ್ಕೂ ಹಿಂದಿನ ಆ ಅನುಮಾನವೇ ಮೊನ್ನೆ ನನ್ನ ಬೋರ್ಡಿನ ಮೇಲೂ ಬಂದು ಕೂತಿತ್ತು.

ರೋಳ್ಳಪಾಡು ಕಲಿಸಿದ ಪಾಠ

ಪ್ರೀತಿ ಒಂದು ಕಡೆ, ತಿಳಿವಳಿಕೆ ಒಂದು ಕಡೆ, ನಷ್ಟ ಇನ್ನೊಂದು ಕಡೆ ಆದರೆ ಏನಾಗುತ್ತದೆ? ಇದಕ್ಕೆ ಉತ್ತರ ನಮ್ಮ ಹಳೆಯ ಕರ್ನೂಲು ಜಿಲ್ಲೆಯಲ್ಲೇ ಇದೆ. ನಂದಿಕೊಟ್ಕೂರಿನ ಆಚೆ ರೋಳ್ಳಪಾಡು ಎಂಬ ಹಳ್ಳಿ. 2022ರಲ್ಲಿ ಜಿಲ್ಲೆ ಒಡೆದ ಮೇಲೆ ಅದು ನಂದ್ಯಾಲ ಜಿಲ್ಲೆಗೆ ಸೇರಿತು. ಅಲ್ಲಿಯ ಹುಲ್ಲುಗಾವಲಿನಲ್ಲಿ ಎರೆಭೂತ ಹಕ್ಕಿಗಳಿದ್ದವು. ತೆಲುಗಿನಲ್ಲಿ ಬಟ್ಟಮೇಕ ಪಿಟ್ಟ, ಪುಸ್ತಕದ ಕನ್ನಡದಲ್ಲಿ ಹೆಬ್ಬಕ. ಗಂಡು 15 ಕೆ.ಜಿ.ವರೆಗೂ ತೂಗುತ್ತದೆ. ಹಾರುವ ಹಕ್ಕಿಗಳಲ್ಲಿ ಅತಿ ಭಾರದವುಗಳ ಸಾಲಿಗೆ ಸೇರಿದ್ದು. 1980ರ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಅಸದ್ ರಹಮಾನಿ ಮತ್ತು ಸಂಗಡಿಗರು ಅಲ್ಲಿ ಅಧ್ಯಯನ ಮಾಡಿದರು. 1988ರಲ್ಲಿ ಅದು ಅಭಯಾರಣ್ಯವಾಯಿತು. ವಿಸ್ತೀರ್ಣ 6.14 ಚದರ ಕಿ.ಮೀ.

ರಕ್ಷಣೆ ಸಿಕ್ಕಿತು, ಹುಲ್ಲು ಬೆಳೆಯಿತು, ಚಿಗರಿಗಳು ಹೆಚ್ಚಾದವು. ಅಲ್ಲಿಂದ ತೊಂದರೆ ಶುರು. ಚಿಗರಿಗೆ ಬೇಲಿ ಯಾವುದು, ಹೊಲ ಯಾವುದು? ಸುತ್ತಲಿನ ರೈತರ ಬೆಳೆಗೆ ಬಾಯಿ ಹಾಕಿದವು. ಅಭಯಾರಣ್ಯ ಅಂದರೆ ನಮ್ಮ ಬೆಳೆ ತಿನ್ನುವ ಪ್ರಾಣಿ ಸಾಕುವ ಜಾಗ ಅಂತ ಜನರಿಗೆ ಅನಿಸಿತು. ಎರೆಭೂತಕ್ಕೆ ಆರು ಚದರ ಕಿ.ಮೀ. ಸಾಲುವುದಿಲ್ಲ, ಅದು ಸುತ್ತಲಿನ ಹೊಲಗಳಲ್ಲೂ ತಿರುಗಬೇಕು. ಅಂದರೆ ಆ ಹಕ್ಕಿ ಉಳಿಯಬೇಕಾದರೆ ರೈತರ ಮನಸ್ಸಿನಲ್ಲೂ ಅದಕ್ಕೆ ಜಾಗ ಬೇಕಿತ್ತು. ಕಾಲುವೆ ನೀರು ಬಂದು ಬೆಳೆಯ ಕ್ರಮವೂ ಬದಲಾಯಿತು. ಹಕ್ಕಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿ, ಕಾಣುವುದೇ ಇಲ್ಲ ಅನ್ನುವ ಮಟ್ಟಕ್ಕೆ ಬಂದವು. ಮಧ್ಯಪ್ರದೇಶದ ಕರೇರಾದಲ್ಲೂ ಹೀಗೇ ಆಯಿತು. 1981ರಲ್ಲಿ ಎರೆಭೂತಕ್ಕಾಗಿ ಅಭಯಾರಣ್ಯ ಮಾಡಿದರು. ಜನ ತಮ್ಮದೇ ಜಮೀನು ಮಾರುವಂತಿರಲಿಲ್ಲ. ಜನರ ಸಿಟ್ಟು ಬೆಳೆಯಿತು, ಹಕ್ಕಿ ಹೋಯಿತು.

ಈ ಹಕ್ಕಿ ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ, ಅದೂ ಬರೀ ನೆಲದ ಮೇಲೆ. ಲೆಕ್ಕ ಹಾಕಿ ನೋಡಿ. ಹತ್ತು ಹೆಣ್ಣು, ಹತ್ತು ಮೊಟ್ಟೆ. ಅರ್ಧ ಉಳಿದವು ಅಂದುಕೊಳ್ಳಿ, ಐದು ಮರಿ. ನಾಯಿ, ನರಿ ಬಾಯಿಗೆ ಎರಡು. ಉಳಿದ ಮೂರರಲ್ಲಿ ಒಂದನ್ನು ಬೇಟೆಗಾರ ಹೊಡೆದ, ಒಂದು ಕರೆಂಟಿನ ತಂತಿಗೆ ಬಡಿಯಿತು. ಈ ಹಕ್ಕಿಯ ಕಣ್ಣು ತಲೆಯ ಪಕ್ಕಕ್ಕಿರುವುದರಿಂದ ಎದುರಿನ ತಂತಿ ಸರಿಯಾಗಿ ಕಾಣುವುದಿಲ್ಲ. ಕೊನೆಗೆ ಉಳಿದದ್ದು ಒಂದು. 2011ರಿಂದ ಅದು ಅಳಿವಿನ ತೀರ ಅಂಚಿಗೆ ಬಂದ ಪಕ್ಷಿಗಳ ಪಟ್ಟಿಯಲ್ಲಿದೆ. ಇಡೀ ದೇಶದಲ್ಲಿ ಉಳಿದಿರುವುದು ನೂರೈವತ್ತರ ಒಳಗೆ, ಬಹುಪಾಲು ರಾಜಸ್ಥಾನದಲ್ಲಿ. ಆದೋನಿಯಿಂದ ಪಶ್ಚಿಮಕ್ಕೆ ಗಡಿ ದಾಟಿದರೆ ಸಿಗುವ ಸಿರುಗುಪ್ಪದ ಎರೆಹೊಲಗಳೇ ಕರ್ನಾಟಕದಲ್ಲಿ ಅದಕ್ಕೆ ಉಳಿದ ಕೊನೆಯ ನೆಲೆ.

ಹೊಲದವನ ಲೆಕ್ಕ

ಬೇಟೆಗಾರ, ಪ್ರವಾಸಿ – ಇವರಿಬ್ಬರ ನಡುವೆ ನಾವು ಮರೆಯುವ ಮೂರನೆಯವನು ರೈತ. ಆದೋನಿ, ಆಸ್ಪರಿ, ಆಲೂರು, ಪತ್ತಿಕೊಂಡ ಸುತ್ತ ಚಿಗರಿ ಹಿಂಡು ನುಗ್ಗಿ ಎಳೆಯ ಹತ್ತಿ, ಶೇಂಗಾ, ಕಡಲೆ ಹಾಳು ಮಾಡಿದ ಮಾತನ್ನು ನಿಮ್ಮ ಮನೆಯಲ್ಲೇ ಕೇಳಿರುತ್ತೀರಿ. ಹಳೆಯ ಸೀರೆಗಳನ್ನು ಹೊಲದ ಸುತ್ತ ಕಟ್ಟುವುದು, ರಾತ್ರಿ ಡಬ್ಬ ಬಡಿಯುತ್ತ ಕಾವಲು ಕೂರುವುದು ಹೊಸದಲ್ಲ. ಕೃಷ್ಣಮೃಗ ಆಂಧ್ರಪ್ರದೇಶದ ರಾಜ್ಯಪ್ರಾಣಿ. ರಾಜ್ಯದ್ದೆಲ್ಲ ಆದ ಪ್ರಾಣಿಗೆ ಮೇವು ಮಾತ್ರ ಒಬ್ಬ ರೈತ ಯಾಕೆ ಕೊಡಬೇಕು? ಇದು ನ್ಯಾಯವಾದ ಪ್ರಶ್ನೆ. ಈ ಪ್ರಶ್ನೆಗೆ ಉತ್ತರ ಕೊಡದೆ "ಪ್ರಾಣಿ ಪ್ರೀತಿಸಿ" ಅಂದರೆ ಹೊಲದವನು ಕೇಳುವುದಿಲ್ಲ. ಅವನು ಉರುಲು ಹಾಕುವವನನ್ನು ನೋಡಿಯೂ ನೋಡದಂತೆ ಇದ್ದುಬಿಡುತ್ತಾನೆ. ಬೇಟೆ ನಿಲ್ಲದಿರುವುದಕ್ಕೆ ಇದೂ ಒಂದು ಕಾರಣ.

ಉತ್ತರ ಕೊಟ್ಟ ಊರುಗಳೂ ಇವೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಯ ಅಂಗಳದ ಹುಣಸೆ ಮರದ ಮೇಲೆಯೇ ಗೂಡು ಕಟ್ಟುತ್ತವೆ. ಜನ ಅವುಗಳನ್ನು ಮನೆಮಕ್ಕಳ ಹಾಗೆ ಕಾಣುತ್ತಾರೆ, ಹಿಕ್ಕೆಯನ್ನು ಗೊಬ್ಬರ ಮಾಡಿಕೊಳ್ಳುತ್ತಾರೆ. ಗೂಡಿರುವ ಮರದ ಹುಣಸೆ ಕೀಳದೆ ಬಿಟ್ಟದ್ದಕ್ಕೆ ಮರದ ಒಡೆಯರಿಗೆ ಅರಣ್ಯ ಇಲಾಖೆ ಹಣ ಕೊಡುವ ಏರ್ಪಾಡು ಮಾಡಿತು. ನಮ್ಮದೇ ರಾಜ್ಯದಲ್ಲಿ ಹಿಂದೂಪುರದ ಕಡೆ ವೀರಾಪುರದಲ್ಲೂ ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲಿ ಮರಿ ಮಾಡುತ್ತವೆ, ಊರವರೇ ಕಾಯುತ್ತಾರೆ.

ನಲ್ಲಮಲ ಕಾಡಿಗೆ ಬನ್ನಿ. ಬಿಲ್ಲು ಬಾಣ ಹಿಡಿದು ಬೇಟೆಯಾಡಿ ಬದುಕಿದವರು ಚೆಂಚು ಜನ. ಇವತ್ತು ನಾಗಾರ್ಜುನಸಾಗರ–ಶ್ರೀಶೈಲಂ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಹುಲಿಯ ಹೆಜ್ಜೆ ಗುರುತು ಹಿಡಿಯಲು, ಕಾಡು ಕಾಯಲು ಅರಣ್ಯ ಇಲಾಖೆ ಚೆಂಚುಗಳನ್ನೇ ಕೆಲಸಕ್ಕೆ ಇಟ್ಟುಕೊಂಡಿದೆ. ಕಣ್ಣು ಅದೇ, ವಿದ್ಯೆ ಅದೇ, ಉದ್ದೇಶ ಮಾತ್ರ ಬೇರೆ. ಭಾರತದ ದೊಡ್ಡ ಪಕ್ಷಿವಿಜ್ಞಾನಿ ಸಲೀಂ ಅಲಿ ಅವರ ಕತೆಯೂ ಹೀಗೇ ಶುರುವಾದದ್ದು. ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಒಂದು ಗುಬ್ಬಿ ಹೊಡೆದರು. ಅದರ ಕತ್ತಿನ ಮೇಲೆ ಹಳದಿ ಮಚ್ಚೆ ಇತ್ತು. ಇದು ಯಾವ ಗುಬ್ಬಿ ಅಂತ ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು. ಅಲ್ಲಿ ಮಿಲ್ಲಾರ್ಡ್ ಎಂಬುವವರು ಬೈದು ಕಳಿಸಲಿಲ್ಲ. ಹಕ್ಕಿಯ ಹೆಸರು ಹೇಳಿದರು, ಕಪಾಟು ತೆರೆದು ಬೇರೆ ಹಕ್ಕಿಗಳ ಮಾದರಿಗಳನ್ನೂ ತೋರಿಸಿದರು. ಅವತ್ತು ಅವರು "ನೀನು ಕೆಟ್ಟವನು" ಅಂದಿದ್ದರೆ?

ಹಂಗಾದ್ರೆ ಬೇಟೆ ಸರಿನಾ ಸಾರ್?

ಯಾರಾದರೂ ಹೀಗೆ ಕೇಳಿಯೇ ಕೇಳುತ್ತೀರಿ. ಸರಿಯಲ್ಲ. ಸ್ಪಷ್ಟವಾಗಿ ಹೇಳುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಚಿಗರಿ, ಎರೆಭೂತ, ಉಡ, ಮೊಲ, ಗೌಜಗ – ಯಾವುದನ್ನೂ ಬೇಟೆಯಾಡುವಂತಿಲ್ಲ. ಕಾನೂನು ಇಲ್ಲದಿದ್ದರೂ ನಾನು ಬೇಡ ಅನ್ನುತ್ತಿದ್ದೆ. ತಾತನ ಕಾಲದಲ್ಲಿ ಬೀಳು ಭೂಮಿ ಎಷ್ಟಿತ್ತು, ಪ್ರಾಣಿ ಎಷ್ಟಿದ್ದವು! ಇವತ್ತು ಹುಲ್ಲುಗಾವಲು ಹೊಲವಾಗಿದೆ, ಹೊಲ ಲೇಔಟು ಆಗುತ್ತಿದೆ, ಗುಡ್ಡದ ಮೇಲೆ ಗಾಳಿಯಂತ್ರ ನಿಂತಿದೆ. ಉಳಿದಿರುವುದು ಸ್ವಲ್ಪ. ಅವತ್ತು ಸಂಸಾರ ನಡೆಸಿದ ಕೆಲಸ ಇವತ್ತು ವಂಶವನ್ನೇ ಅಳಿಸುತ್ತದೆ. ಇದನ್ನು ಮೊದಲು ಕಂಡುಕೊಂಡವರೂ ಆ ತಾತಂದಿರೇ. "ಮೊದಲಿನಂಗ ಈಗ ಇಲ್ಲಪ್ಪ" ಅಂತ ಅವರೇ ಹೇಳುತ್ತಾರೆ. ಅಂಕಿಸಂಖ್ಯೆ ಇಲ್ಲದ ನಮ್ಮ ಊರುಗಳಲ್ಲಿ ಆ ಮಾತೇ ಮೊದಲ ದಾಖಲೆ.

ನಾನು ಹೇಳುವುದು ಇಷ್ಟೇ. ಬೇಟೆ ನಿಲ್ಲಬೇಕು, ಬೇಟೆಗಾರನ ತಿಳಿವಳಿಕೆ ನಿಲ್ಲಬಾರದು. ಪ್ರವಾಸಿ ಬರಬೇಕು, ಅವನ ಅವಸರ ಬರಬಾರದು. ಪ್ರಾಣಿ ಉಳಿಯಬೇಕು, ಅದರ ಖರ್ಚು ಒಬ್ಬ ರೈತನ ತಲೆಯ ಮೇಲೆ ಬೀಳಬಾರದು. ಬೆಳೆ ಹಾನಿಯ ಪರಿಹಾರ ಬೇಗ ಸಿಗಬೇಕು. ನೋಡಲು ಬರುವವರು ಕೊಡುವ ಹಣದಲ್ಲಿ ಆ ಊರಿಗೂ ಪಾಲು ಇರಬೇಕು. ಹೆಜ್ಜೆ ಗುರುತು ಓದಬಲ್ಲ ಹಿರಿಯರು ಮಾರ್ಗದರ್ಶಿಗಳಾಗಬೇಕು. ಅವರ ಮೊಮ್ಮಕ್ಕಳು ತಲೆ ತಗ್ಗಿಸಿ ಕೂರಬಾರದು.

ನಿಮಗೊಂದು ಕೆಲಸ

ಓದಿ ಮಡಚಿ ಇಟ್ಟರೆ ಆಗಲಿಲ್ಲ. ಈ ತಿಂಗಳು ಒಂದು ನೋಟ್ ಪುಸ್ತಕ ತೆಗೆದುಕೊಳ್ಳಿ.

ನಿಮ್ಮ ಊರಿನ ಮೂವರು ಹಿರಿಯರನ್ನು ಕೇಳಿ: ಚಿಕ್ಕಂದಿನಲ್ಲಿ ಇಲ್ಲಿ ಯಾವ ಯಾವ ಪ್ರಾಣಿ, ಹಕ್ಕಿ ಇದ್ದವು? ಎಲ್ಲಿ? ಯಾವ ಕಾಲದಲ್ಲಿ? ಯಾವುದು ಈಗ ಇಲ್ಲ? ಅವರು ಹೇಳಿದ ಹೆಸರನ್ನು, ಕನ್ನಡವೋ ತೆಲುಗೋ, ಹಾಗೇ ಬರೆಯಿರಿ. ಅವರು ಬೇಟೆಯಾಡಿದ್ದರೆ ಬೈಯಲು ಹೋಗಬೇಡಿ. ಅವರ ಹೆಸರು ಬರೆಯುವುದೂ ಬೇಡ, ತಿಳಿವಳಿಕೆ ಮಾತ್ರ ಬರೆಯಿರಿ.

ಚಿಗರಿ ಕಂಡ ದಿನ ನಾಲ್ಕು ವಿಷಯ ಬರೆಯಿರಿ: ದಿನಾಂಕ, ಹೊತ್ತು, ಎಷ್ಟು, ಏನು ತಿನ್ನುತ್ತಿದ್ದವು. ನಿಮ್ಮ ಹೊಲಕ್ಕೆ ನುಗ್ಗಿದ್ದರೆ, ಉದ್ದ ಹತ್ತು ಹೆಜ್ಜೆ, ಅಗಲ ಹತ್ತು ಹೆಜ್ಜೆಯ ಜಾಗ ಗುರುತು ಮಾಡಿ, ಅದರಲ್ಲಿ ಎಷ್ಟು ಗಿಡ ಉಳಿದವು, ಎಷ್ಟು ಹೋದವು ಎಣಿಸಿ. "ಎಲ್ಲಾ ತಿಂದುಬಿಟ್ಟವು" ಅನ್ನುವುದು ದೂರು. "ನೂರರಲ್ಲಿ ಇಷ್ಟು ಗಿಡ ಹೋಯಿತು" ಅನ್ನುವುದು ಸಾಕ್ಷಿ. ಸಾಕ್ಷಿ ಹಿಡಿದು ಹೋದ ಅಪ್ಪನ ಅರ್ಜಿಗೆ ಬೆಲೆ ಹೆಚ್ಚು.

ಹುಲ್ಲಿನಲ್ಲಿ ಮರಿ ಮಲಗಿದ್ದರೆ ಮುಟ್ಟಬೇಡಿ, ಹಿಂದಕ್ಕೆ ಬನ್ನಿ. ನೆಲದ ಮೇಲಿನ ಗೂಡಿನ ಹತ್ತಿರ ನಿಲ್ಲಬೇಡಿ. ಹೊರಗಿನಿಂದ ನೋಡಲು ಬಂದವರು ಸಿಕ್ಕರೆ, ಕಾರಿನಿಂದ ಇಳಿಯದೆ ನೋಡಿದರೆ ಚಿಗರಿ ಓಡುವುದಿಲ್ಲ ಅಂತ ನೀವೇ ಮರ್ಯಾದೆಯಿಂದ ಹೇಳಿ. ನೀವು ಇಲ್ಲಿಯವರು, ಹೇಳುವ ಹಕ್ಕು ನಿಮಗಿದೆ.

ಕೊನೆಗೆ ಆ ಹುಡುಗನ ವಿಷಯ. ಮುಂದಿನ ವಾರ ನಾನು ತರಗತಿಯಲ್ಲಿ ಹಳೆಯ ಎರಡು ಸಾಲು ತಪ್ಪು ಅಂತ ಒಪ್ಪಿಕೊಂಡು, ಪುಸ್ತಕದಲ್ಲಿ ಹೊಡೆದುಹಾಕಲು ಹೇಳಿದೆ. "ನಿಮ್ಮ ತಾತ ಕೆಟ್ಟವನಲ್ಲ. ಆ ಕೆಲಸ ಇನ್ನು ಬೇಡ. ಆದರೆ ಅವರ ಹತ್ತಿರ ನನಗಿಂತ ಜಾಸ್ತಿ ವಿದ್ಯೆ ಇದೆ, ಹೋಗಿ ಕೇಳಿ ಬರೆದುಕೊಂಡು ಬಾ" ಅಂದೆ. ಎಂಟು ದಿನ ಬಿಟ್ಟು ಅವನು ನೋಟ್ ಪುಸ್ತಕ ತಂದ. ಹನ್ನೊಂದು ಪ್ರಾಣಿಗಳ ಹೆಜ್ಜೆ ಗುರುತು, ತಾತನೇ ಮಣ್ಣಿನ ಮೇಲೆ ಬೆರಳಿನಿಂದ ಬರೆದು ತೋರಿಸಿದ್ದು, ಮೊಮ್ಮಗ ಪೆನ್ಸಿಲಿನಲ್ಲಿ ಇಳಿಸಿದ್ದು. ನರಿಯದಕ್ಕೂ ನಾಯಿಯದಕ್ಕೂ ವ್ಯತ್ಯಾಸ ಏನು ಅಂತ ಅವತ್ತು ನನಗೇ ಅವನು ಹೇಳಿಕೊಟ್ಟ.

ನಿಮ್ಮ ಪುಸ್ತಕವೂ ಬರಲಿ. ಕಾಯುತ್ತಿರುತ್ತೇನೆ.